ರಾಣಿಯಾಗಲು ಒಲ್ಲೆನೆಂದವಳು

ಅಕ್ಟೋಬರ್ 9

ಇವತ್ತೂ ಕುರ್ಚಿಯ ಜಗಳ. ಊಟದ ಮನೆಯಲ್ಲಿ ಥಾಮಸಿನ್‌ಳ ಕುರ್ಚಿ ಎತ್ತರ, ಡೌಸ್‌ಳದು ಗಿಡ್ಡ. ಡೌಸ್ ಈ ಮನೆಯ ಯಜಮಾನಿ, ಥಾಮಸಿನ್‌ಳನ್ನು ಸೆರೆಯಲ್ಲಿ ಕಾಯುವ ಸರ್ ಗಾವೆನ್‌ನ ಹೆಂಡತಿ. ತನ್ನ ಮನೆಯಲ್ಲೇ ಕೈದಿಗಿಂತ ತಗ್ಗಿನಲ್ಲಿ ಕೂರಬೇಕಾದ ಸಂಕಟ, ಅದೂ ಏಳು ತಿಂಗಳ ಬಸುರಿ. ಬಡಗಿಯನ್ನು ಕರೆಸಿ ಕುರ್ಚಿಯ ಕಾಲುಗಳಿಗೆ ಮರದ ತುಂಡು ಸೇರಿಸಿದ್ದಾಳೆ. ಈಗ ಕೂತರೆ ಕಾಲು ನೆಲಕ್ಕೆ ಎಟುಕುತ್ತಿಲ್ಲ.

"ಹತ್ತೋಕೆ ಏಣಿ ತರಿಸ್ಲಾ, ಡೌಸ್?" ಥಾಮಸಿನ್ ಕುರಿಮಾಂಸ ಕೊಯ್ಯುತ್ತ ಕೇಳಿದಳು.

"ರಾಜರಕ್ತದವರನ್ನ ಕತ್ತೆತ್ತಿ ನೋಡಿ ನೋಡಿ ನನಗೆ ಕತ್ತು ನೋವು."

"ಹಾಗಾದ್ರೆ ನನ್ನ ಕುರ್ಚಿ ತಗೋ. ನಾನು ಬೆಂಚಿನ ಮೇಲೆ ಕೂರ್ತೀನಿ."

"ಆಹಾ! ನೀವು ಬೆಂಚಿನ ಮೇಲೆ ಕೂತ್ರೆ ನಾಳೆನೇ ಲಂಡನ್ನಿಗೆ ಸುದ್ದಿ ಹೋಗುತ್ತೆ, ಡೌಸ್ ಅವಮಾನ ಮಾಡಿದ್ಳು ಅಂತ!"

ಸರ್ ಗಾವೆನ್ ತಲೆ ತಗ್ಗಿಸಿ ಊಟ ಮಾಡಿದ. ಪಾಪ. ಇಂಥ ಜಗಳದಲ್ಲಿ ಅವನು ಇನ್ನಷ್ಟು ಬ್ರೆಡ್ ತಿನ್ನುತ್ತಾನೆ.

ಅಕ್ಟೋಬರ್ 13, ಚರ್ಚಿನಿಂದ ಬಂದ ಮೇಲೆ

ವಾರಕ್ಕೊಮ್ಮೆ ಥಾಮಸಿನ್‌ಗೆ ಹೊರಗಿನ ಗಾಳಿ. ಹಿಂದೊಬ್ಬ, ಮುಂದೊಬ್ಬ ಕಾವಲುಗಾರ. ಥಾರ್ನ್‌ಸೈಕ್‌ ಎಂಬ ಈ ಮನೆಯಿಂದ ಚರ್ಚಿಗೆ ಒಂದು ಇಳಿಜಾರು. ಹನ್ನೊಂದು ವರ್ಷದಿಂದ ಅಷ್ಟೇ ಅವಳ ಜಗತ್ತು. ತಪ್ಪು ಏನು? ಅವಳ ಮುತ್ತಜ್ಜಿ ಒಬ್ಬ ರಾಜನ ತಂಗಿ. ರಾಣಿಗೆ ಮಕ್ಕಳಿಲ್ಲ. ಅಷ್ಟೇ ತಪ್ಪು. ಹುಟ್ಟಿದ ದಿನ ನನ್ನ ಎದೆಹಾಲು ಕುಡಿದ ಮಗು… ಕುಡಿಯುವಾಗಲೇ ಅಪರಾಧಿಯಾಗಿತ್ತು ಎಂದಾಯಿತು.

ಸಮಾಧಿಗಳ ನಡುವೆ ನಿಂತು ಊರವರ ಹತ್ತಿರ ಹರಟೆ. ಅವರ ಉತ್ತರದ ಮಾತನ್ನು ನಾಲಿಗೆಗೆ ಹತ್ತಿಸಿಕೊಂಡುಬಿಟ್ಟಿದ್ದಾಳೆ. ನನಗಿನ್ನೂ ಅರ್ಧ ತಿಳಿಯುವುದಿಲ್ಲ. ಕುರಿ ಕಾಯುವ ಹ್ಯಾಮನ್ ಸಿಕ್ಕಿದ. ಉದ್ದನೆಯ ಆಳು, ಅದಕ್ಕಿಂತ ಉದ್ದ ನಾಲಿಗೆ.

"ನಿನ್ನ ಟಗರು ಮತ್ತ ಓಡಿ ಹೋತಂತಲ್ಲೋ?"

"ಅದಕ್ಕರ ಬೇಲಿ ಹಾರಾಕ ಬರತೈತ್ರಿ ಅಮ್ಮಾರ. ನಿಮಗ ಯಾವಾಗ ಬರತೈತಿ?"

ಕಾವಲುಗಾರ ತಿರುಗಿ ನೋಡಿದ. ಇವಳು ನಕ್ಕಳು ನೋಡು — ಸಮಾಧಿಕಲ್ಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆಮೇಲೆ ಜನವೂ ನಕ್ಕಿತು. ಕಾವಲುಗಾರನೂ.

ನವೆಂಬರ್ 4

ದಂಗೆ. ಉತ್ತರದ ದೊಡ್ಡ ಧಣಿಗಳು ರಾಣಿಯ ವಿರುದ್ಧ ಎದ್ದಿದ್ದಾರೆ. ಚರ್ಚಿನಲ್ಲಿ ಪೋಪನ ಕಾಲದ ಹಳೆಯ ಪೂಜೆ ಮರಳಿ ಬರಬೇಕಂತೆ, ಹಳೆಯ ವಂಶ ಮರಳಿ ಬರಬೇಕಂತೆ. ಹಳೆಯ ವಂಶ ಎಂದರೆ ಯಾರು? ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎಲ್ಲರೂ ಥಾಮಸಿನ್‌ಳ ತಟ್ಟೆಯನ್ನೇ ನೋಡುತ್ತಿದ್ದರು.

ಸರ್ ಗಾವೆನ್‌ಗೆ ರಾಣಿಯ ಸೈನ್ಯಕ್ಕೆ ಬರುವಂತೆ ಆಜ್ಞೆ. ಗಟ್ಟಿಮುಟ್ಟಾದವರನ್ನೆಲ್ಲ ಕರೆದುಕೊಂಡು ಹೊರಟ. ಉಳಿದವರು ಮುದುಕರು. ಕುದುರೆ ಏರುವ ಮೊದಲು ಅವಳ ಬಳಿ ಬಂದು ನಿಂತ. ಟೋಪಿ ಕೈಯಲ್ಲಿ.

"ವಾಪಸ್ ಬಂದಾಗ ನೀವು ಇಲ್ಲೇ ಇರ್ತೀರಾ?"

"ಇರ್ತೀನಿ."

"ಬಾಗಿಲು ತೆರೆದಿದ್ರೂ?"

"ತೆರೆದಿದ್ರೂ. ಹೋಗಿ ಬಾ ಗಾವೆನ್. ಕಾಲು ಬೆಚ್ಚಗಿಟ್ಕೋ."

ಹನ್ನೊಂದು ವರ್ಷ ಬೀಗ ಹಾಕಿದವನಿಗೆ ಕಾಲು ಬೆಚ್ಚಗಿಟ್ಟುಕೋ ಎನ್ನುವವಳು. ಇವಳನ್ನು ನಾನೇ ಸಾಕಿದೆನೇ?

ನವೆಂಬರ್ 19, ಮಧ್ಯಾಹ್ನ

ಈಗಲೇ ಬರೆದುಬಿಡಬೇಕು.

ಬೆಳಿಗ್ಗೆ ಹಿಮ ಬೀಳುತ್ತಿತ್ತು. ಗುಡ್ಡದ ಮೇಲಿಂದ ದಂಗೆಯವರು ಇಳಿದು ಬಂದರು. ಮುಂದೆ ಕುದುರೆ ಸವಾರರು, ಹಿಂದೆ ಜನ, ಜನ. ಮುಂದಿನ ಕುದುರೆಯ ಮೇಲೆ ಥರ್ಸ್ಟನ್, ಅವಳ ಸೋದರಮಾವನ ಮಗ. ಪಕ್ಕದಲ್ಲಿ ಒಂದು ಬಿಳಿ ಕುದುರೆ, ಬರಿದಾದ ಜೀನು, ಕೆಂಪು ಮಖಮಲ್ಲು. ಯಾರಿಗೆಂದು ಕೇಳಬೇಕಾಗಿರಲಿಲ್ಲ.

ಬಾಗಿಲು ತೆರೆಯದಿದ್ದರೆ ಬೆಂಕಿ ಹಚ್ಚುವೆವು ಎಂದು ಕೂಗಿದರು. ಡೌಸ್ ಮೆಟ್ಟಿಲ ಮೇಲೆ ಮಾಂಸ ಸುಡುವ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದಾಳೆ, ಹೊಟ್ಟೆ ಮುಂದೆ, ಸಲಾಕೆ ಅದರ ಮುಂದೆ. ಮುದುಕ ಕಾವಲುಗಾರರು ಒಬ್ಬರ ಹಿಂದೊಬ್ಬರು.

"ಸಣ್ಣ ಬಾಗಿಲು ತೆಗೀರಿ. ನಾನೊಬ್ಳೇ ಹೊರಗೆ ಹೋಗ್ತೀನಿ," ಅಂದಳು ಥಾಮಸಿನ್. "ಪರ್ನೆಲ್, ಒಳಗೇ ಇರು."

ನಾನು ಕೇಳಲಿಲ್ಲ. ಹಿಂದೆಯೇ ಹೋದೆ.

ಥರ್ಸ್ಟನ್ ಇಳಿದು ಹಿಮದಲ್ಲಿ ಮೊಣಕಾಲೂರಿದ. ಹದಿನೇಳನೆಯ ವಯಸ್ಸಿನಲ್ಲಿ ಇವಳು ಇವನನ್ನು ಮದುವೆಯಾಗುವ ಕನಸು ಕಂಡವಳು. ಈಗಲೂ ಚೆಲುವ.

"ಥಾಮ್. ಕೊನೆಗೂ ಬಂದೆ ನೋಡು. ಊರೂರಲ್ಲಿ ಗಂಟೆ ಹೊಡೀತಾ ಇದಾರೆ."

"ಯಾರ ಹೆಸರಲ್ಲಿ?"

"ನಿನ್ನ ಹೆಸರಲ್ಲಿ. ರಾಣಿ ಥಾಮಸಿನ್."

ಅವಳು ಅವನ ತಲೆಯ ಮೇಲಿಂದ ಹಿಂದಿನವರನ್ನು ನೋಡಿದಳು. ನಮ್ಮ ಊರವರೇ. ಸುತ್ತಲಿನ ಹಳ್ಳಿಯವರು. ಗೋಣಿ ಸುತ್ತಿದ ಕಾಲುಗಳು. ಕೋಲಿನ ತುದಿಗೆ ಕಟ್ಟಿದ ಕುಡುಗೋಲು. ಮಧ್ಯದಲ್ಲಿ ಹ್ಯಾಮನ್, ನೆಲ ನೋಡುತ್ತ.

"ಹ್ಯಾಮನ್, ನೀ ಯಾಕ ಬಂದಿ?"

"ಬರಲಿಲ್ಲಂದ್ರ ಮನಿ ಸುಡತೀವಿ ಅಂದ್ರು ಅಮ್ಮಾರ." ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. "ಮತ್ತ ನಿಮ್ಮನ್ನ ಬಿಡಸಾಕ ಅಂದ್ರು. ಅದಕ್ಕ ಅರ್ಧ ಖುಷೀಲೇನ ಬಂದ್ವಿ."

"ಇಲ್ಲಿಂದ ಎಲ್ಲಿಗೆ?"

"ಲಂಡನ್ನಿಗಂತ."

"ಎಲ್ಲೈತಿ ಅದು?"

"ಆ ಗುಡ್ಡದ ಆಚೀಕಿರಬೇಕ್ರಿ."

ಕೆಲವರು ನಕ್ಕರು. ಅವಳು ನಗಲಿಲ್ಲ.

"ಅಂಥಾ ಗುಡ್ಡ ನೂರು ದಾಟಬೇಕು. ಹಾದಿ ತುಂಬ ತೋಫು ಕಾಯಕತ್ತಾವು. ಕುಡುಗೋಲು ಹಿಡಕೊಂಡು ತೋಫಿನ ಮುಂದ ನಿಂದರತೀರೇನು? ನಾ ರಾಣಿ ಆಗಬೇಕಂದ್ರ ನಿಮ್ಮ ಹೆಂಡ್ರ ತಲೀ ಮ್ಯಾಲೆ ಗಂಡ ಸತ್ತವರ ಕರೀ ಬಟ್ಟಿ ಬೀಳಬೇಕು. ಅಂಥಾ ಕಿರೀಟ ನನಗ ಬ್ಯಾಡ. ಮನೀಗೆ ಹೋಗ್ರಿ."

ಯಾರೂ ಅಲುಗಲಿಲ್ಲ. ಥರ್ಸ್ಟನ್ ಎದ್ದು ಅವಳ ತೋಳು ಹಿಡಿದ. ಬಿಗಿಯಾಗಿ.

"ಮಾತು ಸಾಕು. ಕುದುರೆ ಹತ್ತು."

ಅವಳು ಹಿಮದಲ್ಲಿ ಕೂತುಬಿಟ್ಟಳು. ಧೊಪ್ಪೆಂದು. ಲಂಗ ಅಗಲಕ್ಕೆ ಹರಡಿಕೊಂಡು.

"ಹೊತ್ಕೊಂಡು ಹೋಗು, ಥರ್ಸ್ಟನ್. ಹಿಟ್ಟಿನ ಮೂಟೆ ಥರ ಲಂಡನ್ ತನಕ. ದಾರಿಯಲ್ಲಿ ಜನ ಕೇಳಿದ್ರೆ ಮೂಟೆ ಇಳಿಸಿ ತೋರಿಸು, ಇವಳೇ ನಿಮ್ಮ ರಾಣಿ ಅಂತ."

ಮೊದಲು ನಕ್ಕವನು ಹ್ಯಾಮನ್. ಕತ್ತೆ ಅರಚಿದ ಹಾಗೆ. ಆಮೇಲೆ ಸಾಲಿಗೆ ಸಾಲು. ಹಿಮದಲ್ಲಿ ನಡುಗುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಥರ್ಸ್ಟನ್ ಕತ್ತಿಯ ಹಿಡಿಗೆ ಕೈ ಹಾಕಿದ. ಯಾರ ಮೇಲೆ ಎತ್ತುತ್ತಾನೆ? ಬಿಟ್ಟ.

"ಹೆದರಿಬಿಟ್ಟೆ ನೀನು," ಅಂದ, ಮೆಲ್ಲಗೆ.

"ಹೌದು, ತುಂಬಾ ಹೆದರಿಕೆ. ನೀನೂ ಹೆದರ್ಕೋ ಥರ್ಸ್ಟನ್. ಇನ್ನೂ ಹೊತ್ತು ಮೀರಿಲ್ಲ."

ಸವಾರರೊಂದಿಗೆ ಹೊರಟುಹೋದ. ಬಿಳಿ ಕುದುರೆ ಅವನ ಹಿಂದೆ ಬರಿದಾಗಿಯೇ ಹೋಯಿತು.

ಊರವರು ಉಳಿದರು, ಚಳಿಯಲ್ಲಿ ಬಾಯಿ ನೀಲಿಯಾಗಿ. ಡೌಸ್ ಸಲಾಕೆ ಬಿಸಾಡಿ, ದೊಡ್ಡ ಕಡಾಯಿಯಲ್ಲಿ ಬಿಯರ್ ಕಾಸಿ ಬಾಗಿಲಿಗೆ ಕಳಿಸಿದಳು. "ನನ್ನ ಬಾಗಿಲಲ್ಲಿ ಯಾರೂ ಸಾಯೋದು ಬೇಡ," ಎಂದು ಗೊಣಗಿಕೊಂಡು. ಕುಡಿದು ಮನೆಗಳಿಗೆ ಹೋದರು.

ಕೋಣೆಗೆ ಬಂದ ಮೇಲೆ ಥಾಮಸಿನ್ ವಾಂತಿ ಮಾಡಿಕೊಂಡಳು. ಹಣೆ ಹಿಡಿದುಕೊಂಡೆ. ಮಗುವಾಗಿದ್ದಾಗ ಹಿಡಿದ ಹಾಗೆ.

"ಕುದುರೆ ಚೆನ್ನಾಗಿತ್ತಲ್ವಾ, ಪರ್ನೆಲ್?"

"ಚೆನ್ನಾಗಿತ್ತು, ಮಗಳೇ."

"ಕುದುರೆ ಹತ್ತಿ ಎಷ್ಟು ಕಾಲವಾಯ್ತು…"

ಅಷ್ಟೇ ಅಂದಳು.

ನವೆಂಬರ್ 25

ಡೌಸ್‌ಗೆ ತಿಂಗಳು ತುಂಬುವ ಮೊದಲೇ ನೋವು. ಭಯಕ್ಕೆ ಇರಬೇಕು. ಸೂಲಗಿತ್ತಿ ಹಿಮದಲ್ಲಿ ಸಿಕ್ಕಿಕೊಂಡು ತಡವಾಯಿತು. ಥಾಮಸಿನ್ ಅಂಗಿಯ ತೋಳು ಮೇಲೇರಿಸಿ ಪಕ್ಕದಲ್ಲಿ ಕೂತಳು, ಡೌಸ್ ಅವಳ ಕೈಯನ್ನೇ ಹಿಂಡಿದಳು. ಕಷ್ಟಪಟ್ಟು ಕಲಿತ ಲಂಡನ್ನಿನ ಮಾತೆಲ್ಲ ಮರೆತು ಹುಟ್ಟೂರಿನ ಮಾತೇ ಬಂತು ಹೆಂಗಸಿಗೆ. "ಅಯ್ಯಯ್ಯೋ ಸತ್ತೆನ್ಯೋ ಯವ್ವಾ! ಬಿಡಬ್ಯಾಡ್ರಿ ನನ್ನ, ಕೈ ಬಿಡಬ್ಯಾಡ್ರಿ!"

"ಬಿಡಂಗಿಲ್ಲ. ನಾ ಎಲ್ಲಿ ಹೋಗಲಿ? ಬೀಗ ಹಾಕಿಟ್ಟೀಯಲ್ಲ ನನಗ."

ನೋವಿನ ನಡುವೆಯೂ ಡೌಸ್ ನಕ್ಕುಬಿಟ್ಟಳು. ಹೆಣ್ಣು ಮಗು. ಸಣ್ಣದು, ಆದರೆ ದನಿ ದೊಡ್ಡದು.

"ನಿಮ್ಮ ಹೆಸರೇನೂ ಇಡೋದಿಲ್ಲ, ನೋಡ್ಕೊಳ್ಳಿ," ಅಂದಳು ಡೌಸ್, ಸುಧಾರಿಸಿಕೊಂಡ ಮೇಲೆ.

"ದೇವರು ದೊಡ್ಡವನು. ಇಡಬೇಡ," ಅಂದಳು ಇವಳು.

ಸಿಬಿಲ್ ಎಂದು ಹೆಸರಿಟ್ಟರು.

ಜನವರಿ 7

ದಂಗೆ ಮುಗಿಯಿತು. ಧಣಿಗಳು ಗಡಿ ದಾಟಿ ಓಡಿದರು. ಥರ್ಸ್ಟನ್‌ನ ತಲೆ ಯಾರ್ಕ್ ನಗರದ ಬಾಗಿಲ ಮೇಲಿದೆಯಂತೆ. ಅವಳು ಮೂರು ದಿನ ಮಾತಾಡಲಿಲ್ಲ. ನಾನೂ ಬರೆಯಲಿಲ್ಲ.

ಸರ್ ಗಾವೆನ್ ಮರಳಿದ್ದಾನೆ, ಕುಂಟುತ್ತ. ಮಗುವನ್ನು ನೋಡಿ ಅತ್ತ. ಆಮೇಲೆ ಥಾಮಸಿನ್ ಕೋಣೆಯ ಬಾಗಿಲಲ್ಲಿ ನಿಂತು, "ಇದೀರಿ," ಅಂದ. "ಇದೀನಿ," ಅಂದಳು.

ಈಗ ಗಲ್ಲುಗಳ ಕಾಲ. ಓಡಿಹೋದ ಧಣಿಗಳು ಕೈಗೆ ಸಿಗಲಿಲ್ಲ, ಕುರಿ ಕಾಯುವವರು ಸಿಕ್ಕರು. ಹಳ್ಳಿ ಹಳ್ಳಿಯಲ್ಲಿ ಮರಕ್ಕೆ ಹಗ್ಗ. ನಾಳೆ ನಮ್ಮ ಊರಿಗೆ.

ಜನವರಿ 8

ಹ್ಯಾಮನ್ ಮತ್ತು ಅವತ್ತು ಬಾಗಿಲಿಗೆ ಬಂದಿದ್ದವರನ್ನೆಲ್ಲ ಚರ್ಚಿನಲ್ಲಿ ಕೂಡಿಹಾಕಿದ್ದಾರೆ. ಹೊರಗೆ ಹೆಂಗಸರು, ಹಿಮದಲ್ಲಿ. ಯಾರೂ ಅಳುತ್ತಿಲ್ಲ. ಅದೇ ಭಯಂಕರ.

ಗಲ್ಲಿಗೆ ಹಾಕಿಸಲು ಬಂದವನು ಕ್ಯಾಪ್ಟನ್ ಟ್ರೆಗೋಸ್. ದಕ್ಷಿಣದವನು, ಮರ್ಯಾದಸ್ಥ, ನಿದ್ದೆಗೆಟ್ಟ ಕಣ್ಣು. ಥಾಮಸಿನ್ ಅವನನ್ನು ಊಟಕ್ಕೆ ಕರೆಸಿದಳು. ಸರ್ ಗಾವೆನ್, ಮಗು ಎತ್ತಿಕೊಂಡ ಡೌಸ್, ಇವಳ ಬೆನ್ನ ಹಿಂದೆ ನಾನು. ಕ್ಯಾಪ್ಟನ್ ಎದ್ದು ನಿಂತು ತಲೆ ಬಾಗಿಸಿದ.

"ತಾವು ಹೋಗಲಿಲ್ಲ ಅನ್ನೋದು ಲಂಡನ್ನಿಗೆ ಗೊತ್ತಾಗಿದೆ. ರಾಣಿಯವರು ಬಹಳ ಮೆಚ್ಚಿಕೊಂಡ್ರಂತೆ. ವಸಂತದ ಹೊತ್ತಿಗೆ ತಮ್ಮ ಬಿಡುಗಡೆ ಅಂತ ಮಾತಿದೆ."

ಬಿಡುಗಡೆ! ಅವಳು ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದಳು.

"ಚರ್ಚಿನಲ್ಲಿರೋರು?"

"ಆಯುಧ ಹಿಡಿದು ತಮ್ಮ ಬಾಗಿಲ ಮುಂದೆ ನಿಂತಿದ್ದವರು. ನೋಡಿದವರಿದ್ದಾರೆ. ನನಗೇನೂ ಖುಷಿ ಇಲ್ಲ, ಅಮ್ಮ. ಆಜ್ಞೆ."

"ನಿಂತಿದ್ರು, ನಿಜ. ನಾನೇ ಕರೆಸಿದ್ದು."

ಸರ್ ಗಾವೆನ್‌ನ ಚಾಕು ತಟ್ಟೆಗೆ ಬಿತ್ತು.

"ಥರ್ಸ್ಟನ್ ಬರ್ತಾನೆ ಅಂತ ಸುದ್ದಿ ಬಂತು. ಮನೇಲಿ ತುಂಬಿದ ಬಸುರಿ, ಹಲ್ಲಿಲ್ಲದ ಕಾವಲುಗಾರರು. ಮನೆ ಕಾಯೋಕೆ ಅಂತ ಊರವರನ್ನ ಕರೆಸಿದೆ. ಬಂದ್ರು. ಅವನು ವಾಪಸ್ ಹೋದ. ಅವರು ರಾಣಿಯ ಕಡೆಯವರೇ."

ಕ್ಯಾಪ್ಟನ್ ಲೋಟ ಕೆಳಗಿಟ್ಟ. ಅವಳನ್ನೇ ನೋಡಿದ.

"ಅಮ್ಮ, ಇನ್ನೊಂದ್ಸಲ ಯೋಚನೆ ಮಾಡಿ. ತಮ್ಮ ರಕ್ತದವರು ಆಯುಧ ಹಿಡಿದ ಜನರನ್ನ ಕೂಡಿಸೋದು ಅಂದ್ರೆ, ಯಾವ ಕಾರಣಕ್ಕಾದ್ರೂ ಆಗ್ಲಿ…"

"ರಾಜದ್ರೋಹ. ಆ ಕಾಯಿದೆ ನನ್ನಂಥೋರಿಗೆ ಅಂತಲೇ ಮಾಡಿದ್ದಲ್ವಾ. ಬಾಯಿಪಾಠ ಇದೆ."

"ಅವರು ಉಳೀತಾರೆ. ತಾವು ಸಿಕ್ಕಿಹಾಕ್ಕೊಳ್ತೀರಿ."

"ಲೆಕ್ಕ ಸರಿಯಾಗೇ ಇದೆ, ಕ್ಯಾಪ್ಟನ್."

ಅವನು ಸಾಕ್ಷಿ ಕೇಳಿದ. ನಾನು ಬಾಯಿ ತೆರೆದೆ. ಕೈಯೆತ್ತಿ ತಡೆದ, ಒಡತಿಗಾಗಿ ದಾಸಿ ಏನು ಬೇಕಾದರೂ ಹೇಳುತ್ತಾಳೆ ಎಂದು. ಸರ್ ಗಾವೆನ್ ಊರಲ್ಲಿರಲಿಲ್ಲ. ಉಳಿದವಳು ಡೌಸ್. ಅವಳು ಥಾಮಸಿನ್‌ಳನ್ನು ದ್ವೇಷಿಸುತ್ತಾಳೆ ಎಂಬುದು ಸುತ್ತಲ ಊರಿಗೆಲ್ಲ ಗೊತ್ತು. ಕ್ಯಾಪ್ಟನ್‌ಗೂ ಯಾರೋ ಹೇಳಿದ್ದರು. ಅದಕ್ಕೇ ಅವಳನ್ನು ಕೇಳಿದ.

"ಸತ್ಯ ಹೇಳಿ. ಇವರೇ ಕರೆಸಿದ್ದಾ?"

ಡೌಸ್ ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು. ಗಂಡನ ಮುಖ ಬಿಳಿಚಿತ್ತು. ಅವನ ಕಡೆ ನೋಡಲಿಲ್ಲ.

"ಹೌದ್ರಿ. ಅಕೀನ ಕರಿಸಿದ್ಳು. ಬಿಯರ್ ಕಾಸಿ ಕುಡಿಸಿದಾಕಿ ನಾನ. ಹಾಕೂದಿದ್ರ ನನ್ನ ಹೆಸರೂ ಹಾಕ್ರಿ."

ಕ್ಯಾಪ್ಟನ್ ಕಣ್ಣುಜ್ಜಿಕೊಂಡ. ಅವನಿಗೆ ನಿಜ ಗೊತ್ತಾಗಿತ್ತು. ನನ್ನ ಆಣೆ, ಗೊತ್ತಾಗಿತ್ತು.

"ಬಿಯರ್ ಕಾಸಿದ್ದು ಅಪರಾಧ ಅಲ್ಲ," ಅಂದ.

ಸಂಜೆಗೆ ಮುಂಚೆ ಚರ್ಚಿನ ಬಾಗಿಲು ತೆರೆಯಿತು. ಹ್ಯಾಮನ್ ಮೊದಲು ಬಂದ. ಅವನ ಹೆಂಡತಿ ಅವನನ್ನು ಅಪ್ಪಿಕೊಳ್ಳಲಿಲ್ಲ. ಎರಡೂ ಕೈಯಿಂದ ಎದೆಗೆ ಗುದ್ದಿದಳು, ಗುದ್ದಿದಳು, ಆಮೇಲೆ ಅಲ್ಲೇ ಕುಸಿದಳು.

ಜನವರಿ 11

ಬೆಳಿಗ್ಗೆ ಹೊರಟೆವು. ಲಂಡನ್ನಿನ ಸೆರೆಮನೆ ಟವರಿಗೆ.

"ನೀನು ಬರಬೇಡ ಪರ್ನೆಲ್. ನಿನ್ನ ಮೊಣಕಾಲು ನೋಡು."

"ಟವರಿನಲ್ಲಿ ಕುಣೀಬೇಕಾ ನಾನು?"

ಡೌಸ್ ಬಾಗಿಲ ತನಕ ಬಂದಳು. ಏನೋ ಚುಚ್ಚುಮಾತು ಹುಡುಕುತ್ತಿದ್ದಳು, ಪಾಪ, ಸಿಗಲಿಲ್ಲ. ಕೊನೆಗೆ ತನ್ನ ತುಪ್ಪಳದ ಮೇಲಂಗಿ ಬಿಚ್ಚಿ ಇವಳ ಹೆಗಲಿಗೆ ಹಾಕಿದಳು. "ನಿಮಗಿದು ಗಿಡ್ಡ," ಅಂದಳು. ಅಳುತ್ತ ಒಳಗೋಡಿದಳು.

ಮಾರ್ಚ್ 16

ಲಂಡನ್. ನದಿಯ ತೇವ ಗೋಡೆಯಿಂದ ಇಳಿಯುತ್ತದೆ. ಕಿಟಕಿಯಲ್ಲಿ ಬೂದು ನೀರು, ಅದಕ್ಕಿಂತ ಬೂದು ಆಕಾಶ.

ಇವತ್ತು ರಾಣಿಯ ಮಂತ್ರಿಗಳಲ್ಲಿ ಒಬ್ಬರು ಬಂದಿದ್ದರು. ವಯಸ್ಸಾದವರು, ಮೃದು ಮಾತು.

"ಅವರು ದಂಗೆಗೇ ಬಂದಿದ್ದು, ನೀವು ಕನಿಕರದಿಂದ ಸುಳ್ಳು ಹೇಳಿದ್ರಿ. ಅಷ್ಟು ಒಪ್ಪಿಕೊಳ್ಳಿ. ರಾಣಿಯವರು ಕನಿಕರಕ್ಕೆ ಶಿಕ್ಷೆ ಕೊಡೋದಿಲ್ಲ. ನಾಳೆನೇ ಮನೆ."

"ಆ ಜನ?"

"ಅದು ನ್ಯಾಯಾಲಯದ ವಿಷಯ."

"ಪ್ರಭು, ನನಗೆ ವಯಸ್ಸಾಗ್ತಾ ಬಂತು. ಎರಡೆರಡು ಕಥೆ ನೆನಪಿಟ್ಟುಕೊಳ್ಳೋಕಾಗೋದಿಲ್ಲ. ಒಂದೇ ಸಾಕು."

ಅವರು ಹೋದ ಮೇಲೆ ಕೇಳಿದೆ. ಕೇಳಬಾರದಿತ್ತು, ಕೇಳಿದೆ — ಆ ಜನಕ್ಕಾಗಿ ಇಷ್ಟೇಕೆ? ಅವಳು ನೀರು ನೋಡುತ್ತಿದ್ದಳು.

"ಹುಟ್ಟಿದಾಗಿನಿಂದ ಎಲ್ಲರೂ ನನ್ನ ರಕ್ತದ ಬಗ್ಗೇನೇ ಮಾತಾಡಿದ್ರು, ಪರ್ನೆಲ್. ಬೇಲಿ ಹಾರೋಕೆ ಬರುತ್ತಾ ಅಂತ ಕೇಳಿದೋನು ಹ್ಯಾಮನ್ ಒಬ್ನೇ."

ಸೆಪ್ಟೆಂಬರ್ 30

ಏನು ಬರೆಯಲಿ. ಗೋಡೆ. ಅವಳ ಕೆಮ್ಮು. ಕಾವಲುಗಾರನ ಹೆಂಡತಿಗೆ ಇಸ್ಪೀಟು ಕಲಿಸಿದಳು. ಈಗ ಆಕೆ ಗೆಲ್ಲುತ್ತಾಳೆ, ಇವಳಿಗೆ ಸಿಟ್ಟು.

ಮೇ 20, ಟವರಿನಲ್ಲಿ ನಾಲ್ಕನೆಯ ವರ್ಷ

ನಡುವೆ ಬರೆದಿಲ್ಲ. ಮೊದಲು ಹತ್ತಿರದ ಅಕ್ಷರ ಮಂಜಾಯಿತು, ಆಮೇಲೆ ಮನಸ್ಸು.

ಇವತ್ತು ಸುದ್ದಿ. ಕ್ಷಮೆ ಇಲ್ಲ. ಬಿಡುಗಡೆ ಇಲ್ಲ. ಆದರೆ ಇಲ್ಲಿನ ಗಾಳಿಗೆ ಸಾಯುತ್ತಾಳೆ, ಸತ್ತರೆ ರಾಣಿಯ ಹೆಸರು ಕೆಡುತ್ತದೆ ಎಂದು ಹಳೆಯ ಸೆರೆಗೇ ಮರಳಿ ಕಳಿಸುತ್ತಾರೆ. ಥಾರ್ನ್‌ಸೈಕ್! ಸರ್ ಗಾವೆನ್ ವರ್ಷವರ್ಷವೂ ಬಂದು ಅರಮನೆಯ ಬಾಗಿಲು ಕಾಯುತ್ತಿದ್ದನಂತೆ. ಡೌಸ್ ಅವನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲವಂತೆ.

ಥಾಮಸಿನ್‌ಳ ಕೂದಲು ಪೂರ್ತಿ ಬೆಳ್ಳಗಾಗಿದೆ. ಸುದ್ದಿ ಕೇಳಿ ಕನ್ನಡಿ ಬೇಡಿದಳು. ನೋಡಿಕೊಂಡು, "ಗುರುತು ಹಿಡೀತಾರಾ?" ಅಂದಳು.

ಜೂನ್ 11, ದಾರಿಯಲ್ಲಿ

ಉತ್ತರಕ್ಕೆ ಬಂದೆವು. ಗಾಳಿಯಲ್ಲಿ ಕುರಿ ವಾಸನೆ. ಅವಳ ಕೆನ್ನೆಗೆ ಬಣ್ಣ ಬಂದಿದೆ.

ಕಾವಲಿನ ಅಧಿಕಾರಿ ಎಳೆಯ, ಗಡಸು. ಮುಂದಾಗಿ ಆಳು ಕಳಿಸಿ ಹಳ್ಳಿ ಹಳ್ಳಿಯಲ್ಲಿ ಸಾರಿಸುತ್ತಿದ್ದಾನೆ: ಕೈದಿಯನ್ನು ನೋಡಲು ಯಾರೂ ಸೇರಕೂಡದು. ಇಬ್ಬರು ಜೊತೆಗೆ ನಿಂತರೂ ಸೆರೆ. ಜೈಕಾರ ಹಾಕಿದರೆ ಚಾಟಿ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. "ಸರಿ. ಯಾರಿಗೂ ತೊಂದರೆ ಬೇಡ," ಅಂದಳು. ಆಮೇಲೆ ಗಾಡಿಯ ಪರದೆ ತಾನೇ ಎಳೆದಳು.

ಜೂನ್ 12, ಗುಡ್ಡದ ಮೇಲೆ, ಗಾಡಿ ನಿಂತಿದೆ

ಕುದುರೆಯ ಲಾಳ ಕಳಚಿದೆ, ಹೊಸದು ಹೊಡೆಯುತ್ತಿದ್ದಾರೆ. ಕೆಳಗೆ ನಮ್ಮ ಕಣಿವೆ. ಚರ್ಚಿನ ಗೋಪುರ, ಅದರಾಚೆ ಥಾರ್ನ್‌ಸೈಕ್‌ನ ಹೊಗೆ.

ನಾನೇ ಪರದೆ ಸರಿಸಿದೆ. ಸೆಕೆ ಎಂದು ನೆಪ ಹೇಳಿ.

ಮೊದಲು ಕಂಡದ್ದು ಒಬ್ಬ ಮುದುಕ. ತನ್ನ ಹೊಲದ ನಡುವೆ, ಒಂಟಿ. ಕೈಯಲ್ಲಿ ಗುದ್ದಲಿ. ನಮ್ಮ ಕಡೆ ತಿರುಗಿ, ಟೋಪಿ ತೆಗೆದು ನಿಂತಿದ್ದ. ಬಾಯಿ ತೆರೆಯಲಿಲ್ಲ. ಅವನಿಂದ ಒಂದು ಕೂಗಿನ ದೂರದಲ್ಲಿ, ಬೇಲಿಯಾಚೆ, ಇನ್ನೊಬ್ಬ. ಅವನೂ ಒಂಟಿ. ಬರಿದಲೆ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಒಬ್ಬ ಹೆಂಗಸು. ಆಮೇಲೆ ಗೋಡೆ ಕಟ್ಟುತ್ತಿದ್ದವನು, ಕಲ್ಲು ಕೆಳಗಿಟ್ಟು.

ಎಳೆಯ ಅಧಿಕಾರಿ ಒಬ್ಬನ ಕಡೆ ಕುದುರೆ ಓಡಿಸಿದ. "ಇಲ್ಲೇನು ಮಾಡ್ತಿದೀಯ?"

"ನನ್ನ ಹೊಲದಾಗ ನಿಂತೇನ್ರಿ."

"ಟೋಪಿ ಯಾಕೆ ತೆಗೆದೆ?"

"ಸೆಕಿ ಭಾಳ ಐತ್ರಿ."

ಯಾರೂ ಸೇರಿಲ್ಲ. ಯಾರೂ ಇಬ್ಬರಿಲ್ಲ. ಇಲ್ಲಿಂದ ಕಣಿವೆಯ ತನಕ, ಎರಡೂ ಕಡೆ, ಇಳಿಜಾರು ಇಳಿಜಾರಿನಲ್ಲಿ, ಒಬ್ಬೊಬ್ಬರೇ. ಅಧಿಕಾರಿ ಸುತ್ತಲೂ ನೋಡಿದ. ಸೆರೆ ಹಿಡಿಯಲು ಏನೂ ಇಲ್ಲ. ಅವನೂ ಈಗ ಸುಮ್ಮನೆ ಕುದುರೆಯ ಮೇಲೆ ಕೂತಿದ್ದಾನೆ.

ಅವಳು ಗಾಡಿಯಿಂದ ಇಳಿದಿದ್ದಾಳೆ. ಯಾರೂ ತಡೆಯಲಿಲ್ಲ. ದಾರಿಯ ಅಂಚಿನಲ್ಲಿ ತಲೆಯ ಬಟ್ಟೆ ತೆಗೆದು, ಬಿಳಿ ತಲೆಯಲ್ಲಿ ನಿಂತು ಒಬ್ಬೊಬ್ಬರ ಹೆಸರೂ ಹೇಳುತ್ತಿದ್ದಾಳೆ, ಮೆಲ್ಲಗೆ, ತನಗೆ ತಾನೇ. ಒಂದೂ ತಪ್ಪುತ್ತಿಲ್ಲ.

"ಪರ್ನೆಲ್, ಬರೆಯೋದು ಬಿಡು, ಬೇಗ ಬಾ! ನನ್ನ ಕಣ್ಣಿಗೆ ಅಷ್ಟು ದೂರ ಕಾಣಲ್ಲ. ಆ ಏರಿನ ತುದಿಯಲ್ಲಿ ನಿಂತಿರೋನು, ಉದ್ದದೋನು, ಅವನು—"

ಹೌದು. ಹ್ಯಾಮನ್ನೇ. ಟೋಪಿ ಎತ್ತಿ ಹಿಡಿದಿದ್ದಾನೆ, ಅವನ ಪಕ್ಕದ ಬೇಲಿಯನ್ನು ಹಾರಿ ಈ ಕಡೆಗೆ ಓಡಿ ಬರುತ್ತಿದೆ ಅವನ ಟಗರು.